ಸಿನಿಮಾದಲ್ಲಿ ಅವನು ಬರಲಿಲ್ಲ

ಸಿನಿಮಾ ಮುಗಿದು ದೀಪ ಹತ್ತಿದಾಗ ಯಾರೂ ಏಳಲಿಲ್ಲ. ಮುಗಿಯಿತು ಎಂದೇ ಯಾರಿಗೂ ಗೊತ್ತಾಗಿರಲಿಲ್ಲ.

ರಾಮನಗರದಲ್ಲಿ ಓವೈಸ್‌ನದು ರೇಷ್ಮೆ ನೂಲು ಬಿಚ್ಚುವ ಘಟಕ. ಕೆಳಗೆ ಬಾಯ್ಲರ್, ಮೇಲೆ ಒಂದು ಖಾಲಿ ಹಾಲ್. ಬೇಯಿಸಿದ ಗೂಡಿನ ವಾಸನೆ ಮೆಟ್ಟಿಲು ಹತ್ತಿ ಹಾಲ್‌ವರೆಗೂ ಬರುತ್ತದೆ. ಓವೈಸ್‌ಗೆ ಸಿನಿಮಾ ಹುಚ್ಚು. ಅದೂ ಎಲ್ಲರಿಗಿರುವ ಹುಚ್ಚಲ್ಲ, ಯಾರೂ ನೋಡದ ಸಿನಿಮಾಗಳ ಹುಚ್ಚು. ತಿಂಗಳಿಗೊಂದು ಭಾನುವಾರ ಮಧ್ಯಾಹ್ನ ಗೋಡೆಗೆ ಬಿಳಿ ಬಟ್ಟೆ ಕಟ್ಟಿ, ಸಿಕ್ಕಿದವರನ್ನೆಲ್ಲ ಕೂರಿಸಿ, ಬಾಗಿಲು ಹಾಕಿಬಿಡುತ್ತಿದ್ದ.

ಆ ಭಾನುವಾರದ್ದು ಥಾಯ್ಲೆಂಡಿನ ಸಿನಿಮಾ. ಅದರಲ್ಲಿ ಮಾತೇ ಇರಲಿಲ್ಲ. ಕಂಬಗಳ ಮೇಲೆ ನಿಂತ ಒಂದು ಮರದ ಮನೆ, ಅದರಲ್ಲಿ ರೇಷ್ಮೆ ಹುಳ ಸಾಕುವ ಒಬ್ಬಳು ಹೆಂಗಸು. ದಿನಾ ಸಂಜೆ ಒಬ್ಬ ಗಂಡಸು ಸೈಕಲ್ ಮೇಲೆ ಹಿಪ್ಪುನೇರಳೆ ಸೊಪ್ಪಿನ ಹೊರೆ ತರುತ್ತಾನೆ, ಇಳಿಸುತ್ತಾನೆ, ಮೆಟ್ಟಿಲ ಮೇಲೆ ಕೂತು ನೀರು ಕುಡಿದು ಹೋಗುತ್ತಾನೆ. ಕ್ಯಾಮೆರಾ ಇದ್ದ ಕಡೆಯಿಂದ ಅಲ್ಲಾಡುವುದಿಲ್ಲ. ಹಿಂದೆ ಒಂದೇ ಒಂದು ಸದ್ದು, ಸೊರಸೊರ, ಸೊರಸೊರ. ಬೇರೆ ಊರಿನವರು ಅದನ್ನು ಮಳೆ ಎಂದುಕೊಳ್ಳುತ್ತಿದ್ದರೋ ಏನೋ. ಹುಳ ಪೊರೆ ಬಿಡಲು ಮಲಗುವುದಕ್ಕೆ ಜ್ವರ ಎನ್ನುವ ಊರಿನವರಿಗೆ ಅದು ಏನೆಂದು ಯಾರೂ ಹೇಳಬೇಕಾಗಿರಲಿಲ್ಲ. ನಾಲ್ಕನೇ ಜ್ವರ ಎದ್ದ ಹುಳ ಸೊಪ್ಪು ಮೇಯುವ ಸದ್ದು ಅದು.

ಕೊನೆಯ ಸಂಜೆ ಆ ಸದ್ದು ನಿಂತುಹೋಗುತ್ತದೆ. ಹೆಂಗಸು ಹುಳದ ಕೋಣೆಯ ಬಾಗಿಲು ತೆಗೆದು ಒಳಗೆ ನೋಡುತ್ತಾಳೆ. ಅವಳು ಕಂಡದ್ದನ್ನು ನಮಗೆ ತೋರಿಸುವುದಿಲ್ಲ. ಹೊರಗೆ ಬಂದು ತುಂಬ ಹೊತ್ತು ಕೈ ತೊಳೆಯುತ್ತಾಳೆ. ಮೆಟ್ಟಿಲ ಮೇಲೆ ಕೂತು ದಾರಿ ನೋಡುತ್ತಾಳೆ. ಅವನು ಬರುವುದಿಲ್ಲ. ಅಲ್ಲಿಗೆ ಸಿನಿಮಾ ಮುಗಿಯಿತು.

"ಈಗ ಬುಗುರಿ," ಎಂದ ಓವೈಸ್.

ಅದು ಆ ಹಾಲ್‌ನ ಕಾನೂನು. ಚನ್ನಪಟ್ಟಣದ ಅರಗಿನ ಬುಗುರಿಯನ್ನು ಸ್ಟೂಲ್ ಮೇಲೆ ತಿರುಗಿಸಬೇಕು. ಅದು ತಿರುಗುವ ತನಕ ಸಿನಿಮಾ ಬಗ್ಗೆ ಅನಿಸಿದ್ದು ಹೇಳಬಹುದು. ಬಿದ್ದರೆ ಬಾಯಿ ಮುಚ್ಚಬೇಕು, ಎಂಥ ಪಂಡಿತನಾದರೂ ಸರಿ.

ಸ್ವಾಮಿ ಮೇಷ್ಟ್ರು ಮೊದಲು ತಿರುಗಿಸಿದರು. "ಸುಳ್ಳು ಹೇಳಲ್ಲ, ನಾನು ನಿದ್ದೆ ಮಾಡ್ಬಿಟ್ಟೆ. ಆದ್ರೆ ಎಚ್ಚರ ಆದಾಗಲೆಲ್ಲಾ ಅದೇ ಮನೆ, ಅದೇ ಮೆಟ್ಲು. ಅದೇ ಭಯ ಆಯ್ತು ನೋಡಿ."

ಓವೈಸ್‌ನ ಅಜ್ಜಿ ಗುಲ್ಜಾರ್ ಬೀಗೆ ಬುಗುರಿ ತಿರುಗಿಸಲು ಬರುತ್ತಿರಲಿಲ್ಲ, ಮೊಮ್ಮಗನೇ ತಿರುಗಿಸಿದ. "ಅವಳು ಕೈ ತೊಳ್ದಿದ್ದು ನೋಡಿದ್ರಾ? ಮೊಣಕೈ ತನಕ. ಸಾವಿನ ಮನೆಯಿಂದ ಬಂದೋರು ಹಂಗೆ ತೊಳ್ಯೋದು," ಎಂದಳು ಮುದುಕಿ. ಬುಗುರಿ ಇನ್ನೂ ತಿರುಗುತ್ತಿತ್ತು. ಅವಳೇ ಕೈ ಚಾಚಿ ಅದನ್ನು ನಿಲ್ಲಿಸಿದಳು.

ಆಮೇಲೆ ಮುತ್ತುರಾಜುವಿನ ಸರದಿ. ಕನಕಪುರ ರಸ್ತೆಯ ಕಡೆಯ ಹುಡುಗ, ಕುರಿ ಸಾಕುವ ಮನೆಯವನು. ಹಾರೋಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಶಿಫ್ಟ್ ಕೆಲಸ. ಮಾತು ಕಡಿಮೆ, ಆಡಿದರೆ ಕಡ್ಡಿ ಮುರಿದ ಹಾಗೆ.

"ಹುಳ ಸತ್ತೋದ್ವು. ಅಂವ ತಂದ ಸೊಪ್ಪಲ್ಲೇ ಏನೋ ಇತ್ತು. ಅಂವಂಗೂ ಗೊತ್ತಾಗೈತೆ. ಅದ್ಕೇ ಬರ್ಲಿಲ್ಲ. ತಪ್ಪು ಮಾಡ್ದೋನು ತಿರುಗಿ ಬರಲ್ಲ," ಎಂದ.

ಬುಗುರಿ ವಾಲಿ ಬಿತ್ತು.

ಅದನ್ನು ಎತ್ತಿಕೊಂಡಿದ್ದು ಹಿಂದಿನ ಸಾಲಿನಲ್ಲಿ ಕೂತಿದ್ದ ಹುಡುಗಿ. ಬೆರಳುಗಳು ಉದ್ದ, ತುದಿಗೆ ಸೊಪ್ಪಿನ ಕಪ್ಪು ಕರೆ. ತಿರುಗಿಸಿದ ರಭಸಕ್ಕೆ ಬುಗುರಿ ಗುಂಯ್ ಎಂದಿತು.

"ಸದ್ದು ನಿಂತ್ರೆ ಸತ್ತೋದ್ವು ಅಂತ್ಲೇ ಯಾಕೆ? ಹಣ್ಣಾದ್ ಹುಳಾನೂ ಮೇಯಲ್ಲ. ಗೂಡು ಕಟ್ಟಕ್ ಮುಂಚೆ ಮನೆ ಹಿಂಗೇ ನಿಶ್ಶಬ್ದ ಆಗ್ತದೆ. ನಮ್ಮನೇಲಿ ವರ್ಷಕ್ಕೆ ನಾಕೈದು ಸಲ ಆಗ್ತದೆ."

"ಹಂಗಾದ್ರೆ ಅಂವ ಯಾಕ್ ಬರ್ಲಿಲ್ಲ?" ಮುತ್ತುರಾಜು ಕೇಳಿದ. ಬೇರೆಯವರ ಬುಗುರಿಯಲ್ಲಿ ಮಾತಾಡಬಾರದು. ಆದರೂ ಕೇಳಿದ.

"ಹುಳ ಹಣ್ಣಾದ್ಮೇಲೆ ಸೊಪ್ಪು ಯಾರಿಗ್ ಬೇಕು?"

"ಸೊಪ್ಪಿಗೋಸ್ಕರ ಬತ್ತಿದ್ನಾ ಅಂವ?"

ಅವಳು ಮೊದಲ ಬಾರಿಗೆ ಅವನನ್ನು ಸರಿಯಾಗಿ ನೋಡಿದಳು. ನೋಡಿದ್ದು ಒಸಿ ಹೆಚ್ಚೇ ಆಯಿತು ಎಂದು ಅವಳಿಗೂ ಅನಿಸಿರಬೇಕು, ತಲೆ ತಗ್ಗಿಸಿ ಬುಗುರಿಯ ಮೇಲೆ ಕಣ್ಣಿಟ್ಟಳು. ಹಾಳು ಬುಗುರಿ ಬೀಳಲೊಲ್ಲದು. ಸ್ವಾಮಿ ಮೇಷ್ಟ್ರು ಈ ಸಲ ಪೂರ್ತಿ ಎಚ್ಚರವಾಗಿದ್ದರು.

*

ಮೆಟ್ಟಿಲು ಇಳಿಯುವಾಗ ಅವನು ಅವಳ ಹಿಂದೆಯೇ ಇದ್ದ.

"ಯಾವ ಜ್ವರದಲ್ಲವೆ?"

"ಏನು?"

"ನಿಮ್ಮನೆ ಹುಳ."

ಅವಳು ಕಂಬಿ ಹಿಡಿದು ನಿಂತಳು. "ಹುಳ ಐತೆ ಅಂತ ಯಾರ್ ಹೇಳಿದ್ರು ನಿಮ್ಗೆ?"

"ಭಾನುವಾರ. ತಲೇಲಿ ಹೂವಿಲ್ಲ, ಮುಖಕ್ಕೆ ಪೌಡರಿಲ್ಲ, ಸೆಂಟಿಲ್ಲ. ಹಿಮ್ಮಡೀಲಿ ಸುಣ್ಣ. ಹುಳ ಇರೋ ಮನೆ ಹುಡ್ಗೀರು ಬುಟ್ರೆ ಇನ್ಯಾರು ಹಿಂಗ್ ಹೊರಡ್ತಾರೆ?"

ಅವಳು ಥಟ್ಟನೆ ಹಿಮ್ಮಡಿ ನೋಡಿಕೊಂಡಳು. ನಿಜ, ಹುಳದ ಮನೆಯ ನೆಲಕ್ಕೆ ಉದುರಿಸುವ ಸುಣ್ಣದ ಬಿಳಿ ಗೆರೆ. ವಾಸನೆ ಹುಳಕ್ಕೆ ಆಗದು ಎಂದು ವಾರಗಟ್ಟಲೆ ಮಲ್ಲಿಗೆ ಮುಟ್ಟದೆ ಇರುವುದು ಅವಳಿಗೆ ಹೊಸದಲ್ಲ. ಅದನ್ನು ಒಬ್ಬ ಗಂಡಸು ಇಷ್ಟು ಸಲೀಸಾಗಿ ಓದಿ ಹೇಳಿದ್ದು ಹೊಸದು.

"ಇಷ್ಟೆಲ್ಲಾ ನನ್ನೇ ನೋಡ್ತಾ ಇದ್ರೆ ಸಿನಿಮಾ ಯಾವಾಗ್ ನೋಡಿದ್ರಿ?"

"ಸಿನಿಮಾದಲ್ಲಿ ಏನಿತ್ತು? ಅದೇ ಮೆಟ್ಲು."

ಅವಳು ನಕ್ಕಳು. ಹೂವಿಲ್ಲದ ತಲೆ, ಪೌಡರಿಲ್ಲದ ಮುಖ, ಅದರ ಮೇಲೆ ಆ ನಗು. ಮುತ್ತುರಾಜುವಿನ ಕತೆ ಅಲ್ಲಿಗೇ ಮುಗಿಯಿತು ಎಂದರೂ ತಪ್ಪಿಲ್ಲ. ಹೆಸರು ಲತಾಮಣಿ ಎಂದಳು. ತಿಪ್ಪಸಂದ್ರದ ಹತ್ತಿರ ಊರು. ಬಸ್ಸಿಗೆ ಹೊತ್ತಾಯಿತು ಎಂದು ಓಡಿದಳು. ತಿರುವಿನಲ್ಲಿ ಒಮ್ಮೆ ತಿರುಗಿ ನೋಡಿದಳು.

ಕೆಳಗೆ ಬಾಗಿಲಲ್ಲಿ ಗುಲ್ಜಾರ್ ಬೀ ಕುರ್ಚಿ ಹಾಕಿಕೊಂಡಿದ್ದಳು. ನಗುನಗುತ್ತ ಬಂದವನನ್ನು ನೋಡಿ ಅವಳು ಮಾತ್ರ ನಗಲಿಲ್ಲ. "ಅಂಥ ಸಿನಿಮಾ ನೋಡಿದ ದಿನ ಏನೂ ಶುರು ಮಾಡ್ಬೇಡ ಮಗಾ," ಎಂದಳು.

*

ಏನೂ ಶುರು ಮಾಡಬೇಡ ಎಂದರೆ ಕೇಳುವ ವಯಸ್ಸೇ ಅದು?

ಮೊದಮೊದಲು ಮೆಸೇಜಿನಲ್ಲಿ ಅದೇ ಜಗಳ. 'ಸತ್ತವೆ' ಎಂದು ಅವನು. 'ಹಣ್ಣಾಗಿವೆ' ಎಂದು ಅವಳು. 'ಸತ್ತಿಲ್ಲದಿದ್ರೆ ಕೈ ಯಾಕೆ ಅಷ್ಟು ತೊಳೆದಳು?' 'ಹಣ್ಣು ಹುಳ ಎತ್ತಿದ್ರೆ ಕೈ ಅಂಟಾಗಲ್ವಾ? ನಿಮ್ಗೆ ಕುರಿ ಬಿಟ್ರೆ ಏನ್ ಗೊತ್ತು?' ಆಮೇಲೆ ಗೂಡಿನ ಮಾರ್ಕೆಟ್ಟಿನಲ್ಲಿ, ಅವಳು ಅಪ್ಪನ ಜೊತೆ ಗೂಡು ತಂದ ದಿನ, ದೂರದ ಕಂಬಕ್ಕೆ ಒರಗಿ ಅವನು. ಅಪ್ಪ ಹರಾಜಿನ ಕಡೆ ತಿರುಗಿದಾಗ ಅವಳು ತುಟಿಯಲ್ಲೇ ಕೇಳುತ್ತಿದ್ದಳು, "ಯಾಕ್ ಬರ್ಲಿಲ್ಲ ಅಂವ?" ಅವರಿಬ್ಬರ ನಡುವೆ ನಮಸ್ಕಾರ, ಊಟ ಆಯ್ತಾ, ನೆನಪಾಯ್ತು, ಎಲ್ಲವೂ ಅದೊಂದೇ ಪ್ರಶ್ನೆ. ನೀವು ಹೋಗಿ ನೀನು ಆಗಿದ್ದು ಯಾವತ್ತು ಎಂದು ಇಬ್ಬರಿಗೂ ನೆನಪಿಲ್ಲ.

ಆದರೆ ಆ ಸಿನಿಮಾ ಅವರನ್ನು ಬಿಡಲೂ ಇಲ್ಲ. ಮುತ್ತುರಾಜುವಿಗೆ ಕೆಲವೊಮ್ಮೆ ಮೆಷಿನ್ ಮುಂದೆ ನಿಂತಾಗ ಆ ಸೊರಸೊರ ಕೇಳಿಸುತ್ತಿತ್ತು. ಥಟ್ಟನೆ ನಿಲ್ಲುತ್ತಿತ್ತು. ನಿಂತಾಗ ಅವನು ಮೆಷಿನ್ ಬಿಟ್ಟು ಹಿಂದೆ ತಿರುಗಿ ನೋಡುತ್ತಿದ್ದ.

ಮುಂಗಾರಿನ ಹುಳದ ಬೆಳೆ ಲತಾಮಣಿಯ ಮನೆಯಲ್ಲಿ ಕೈಕೊಟ್ಟಿತು. ಹಾಲುಹುಳದ ರೋಗ ಬಿದ್ದು ಮುಕ್ಕಾಲು ಪಾಲು ಗುಂಡಿಗೆ ಹೋಯಿತು. ತಾಯಿ ಮಾಯಮ್ಮ, "ಆ ದೆವ್ವದ ಸಿನಿಮಾ ನೋಡ್ಕೊಂಡ್ ಬಂದಳು, ಮನೆಗೆ ಬಂತು," ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಅಪ್ಪ ಬೈರಪ್ಪ ಬೈಯಲಿಲ್ಲ, ಅತ್ತು ಕರೆಯಲಿಲ್ಲ. ಹುಳ ಸಾಕುವ ಖಾಲಿ ತಟ್ಟೆಗಳನ್ನು ತೊಳೆದು ಬಿಸಿಲಿಗೆ ಹಾಕುತ್ತ ಒಂದು ಮಾತು ಹೇಳಿದ.

"ಸೋಲೂರಿಂದ ಸಂಬಂಧ ಬಂದೈತೆ. ಹುಡುಗ ಅನಂತರಾಜು, ತೆಂಗಿನ ತೋಟ, ಡೈರಿ, ಒಳ್ಳೆ ಮನೆ. ಇನ್ನೊಂದು ಬೆಳೆ ನೀನೇ ಮಾಡು. ನಾನು ಕೈ ಹಾಕಲ್ಲ. ಕೈಗೆ ಬಂದ್ರೆ ಹುಳದ ಮನೇನೂ ನಿಂದೇ, ಮದ್ವೆ ಮಾತೂ ನಿಂದೇ. ಹೋದ್ರೆ ಅವ್ರನ್ನ ಬಾ ಅಂತೀನಿ. ಆಮೇಲೆ ಅಳ್ಬಾರ್ದು."

ಲತಾಮಣಿ ಒಪ್ಪಿದಳು. ಒಪ್ಪದೆ ಮಾಡುವುದೇನಿತ್ತು? ಆ ಸಂಜೆ ಮುತ್ತುರಾಜುವಿಗೆ ಫೋನು ಮಾಡಿ ಎಲ್ಲ ಹೇಳಿ, ಕೊನೆಗೆ, "ಇನ್ಮೇಲೆ ನೀನೂ ದೇವ್ರಿಗೆ ಕೈ ಮುಗಿ. ನಮ್ಮಿಬ್ರುದೂ ಈಗ ತಟ್ಟೇಲೈತೆ," ಎಂದಳು.

*

ಹುಳ ಒಂದೊಂದೇ ಜ್ವರ ದಾಟಿತು. ಅವಳು ಫೋನು ಕಡಿಮೆ ಮಾಡಿದಳು, ನಿದ್ದೆಯನ್ನೂ. ನಾಲ್ಕನೇ ಜ್ವರ ಎದ್ದು ನಾಲ್ಕೈದು ದಿನ, ಹುಳ ಹಸಿದು ಮೇಯುವ ಹೊತ್ತಿಗೆ ಸರಿಯಾಗಿ, ಸೊಪ್ಪು ಹೊರುವ ಆಳು ಕೈಕೊಟ್ಟ. ಪಕ್ಕದ ಅಂಕಮ್ಮನ ತೋಟದ ಸೊಪ್ಪು ಕೊಯ್ದಿಟ್ಟಿದ್ದಾರೆ, ಹೊರುವವರಿಲ್ಲ. ಲತಾಮಣಿ ಮುತ್ತುರಾಜುವಿಗೆ ಫೋನು ಮಾಡಿದಳು. ಅವತ್ತು ಅವನಿಗೆ ವಾರದ ರಜೆ. "ಬತ್ತೀನಿ," ಎಂದ. ಅವಳ ಕರೆಗೇ ಕಾದಿದ್ದವನು, ಒಂದೇ ಸಲಕ್ಕೆ ಹೊರಟ.

ಬೆಳಗ್ಗೆ ಅವನ ಮನೆಯಲ್ಲಿ ಕುರಿಗಳ ಮೈಗೆ ಹತ್ತುವ ಉಣುಗಿಗೆ ಔಷಧಿ ಹಾಕುವ ಕೆಲಸವಿತ್ತು. ಅದನ್ನು ಮುಗಿಸಿ, ಕೈಕಾಲು ಸೋಪು ಹಾಕಿ ತೊಳೆದು, ಹೊಸ ಅಂಗಿ ಹಾಕಿಕೊಂಡ. ಸೆಂಟು ಹಾಕಲಿಲ್ಲ, ಹುಳ ಐತೆ ಎಂಬ ಎಚ್ಚರ. ಕನ್ನಡಿ ನೋಡಿದ. ಬಾಗಿಲ ಮೊಳೆಯ ಮೇಲಿದ್ದ ಟವೆಲ್ ಹೆಗಲಿಗೆ ಹಾಕಿ ಬೈಕ್ ಹತ್ತಿದ. ಮಾಡಿದ್ದೆಲ್ಲ ಸರಿಯಾಗಿತ್ತು, ಆ ಟವೆಲ್ ಒಂದು ಬಿಟ್ಟು.

ಅಂಕಮ್ಮನ ತೋಟದಿಂದ ಟವೆಲ್ಲನ್ನು ಸಿಂಬೆ ಸುತ್ತಿ, ಹೊರೆ ತಲೆ ಮೇಲಿಟ್ಟು ನಡೆದ. ಬೈರಪ್ಪ ಜಗಲಿಯ ಮೇಲೆ ಕೂತು ಕತ್ತಿಯಲ್ಲಿ ಚಂದ್ರಿಕೆಯ ಬಿದಿರು ಸೀಳುತ್ತಿದ್ದ. ಹುಳ ಗೂಡು ಕಟ್ಟುವುದು ಆ ಬಿದಿರ ಚಾಪೆಯ ಮೇಲೆ.

"ಯಾರ್ಲಾ ನೀನು?"

"ಓವೈಸ್ ಕಡೆಯೋನು ಗೌಡ್ರೆ. ಆಳಿಲ್ಲ ಅಂದ್ರಂತೆ, ಅದ್ಕೆ..."

"ನಿಮ್ಮಪ್ಪ?"

"ಪುಟ್ಟಲಿಂಗಯ್ಯ ಅಂತ. ಕುರಿ ಮಡಗಿದ್ದೀವಿ."

"ಹೂಂ," ಎಂದ ಬೈರಪ್ಪ. ಕತ್ತಿಯನ್ನು ಬಿದಿರಿನ ಮೇಲೆ ಇಟ್ಟು, ಎಳೆಯದೆ, ಅವನು ಹೋಗುವ ತನಕ ನೋಡುತ್ತಲೇ ಇದ್ದ.

ಹುಳದ ಮನೆಯೊಳಕ್ಕೆ ಹೊರಗಿನವರು ಕಾಲಿಡುವಂತಿಲ್ಲ. ಬಾಗಿಲಿಗೆ ಹುಳ ಕೊಲ್ಲುವ ಊಜಿ ನೊಣ ಬಾರದ ಹಾಗೆ ನೈಲಾನ್ ಪರದೆ. ಮುತ್ತುರಾಜು ಹೊರೆಯನ್ನು ಹೊಸ್ತಿಲಾಚೆಗೆ ಇಳಿಸಿ ನಿಂತ. ಪರದೆಯ ಆ ಕಡೆ ಲತಾಮಣಿ. ತಲೆಗೆ ಬಿಳಿ ಬಟ್ಟೆ, ಕಣ್ಣ ಕೆಳಗೆ ಕಪ್ಪು. ಪರದೆಯ ಸಣ್ಣ ಚೌಕಗಳು ಅವಳ ಕೆನ್ನೆಯ ಮೇಲೆ ನೆರಳು ಬಿಟ್ಟಿದ್ದವು. ಹಿಂದೆ ಕತ್ತಲಲ್ಲಿ ಸಾಲು ಸಾಲು ತಟ್ಟೆ, ಆ ಸದ್ದು, ಸೊರಸೊರ, ಸೊರಸೊರ.

"ಕೇಳಿಸ್ತಾ?" ಎಂದಳು ಪಿಸುಮಾತಲ್ಲಿ.

"ಕೇಳಿಸ್ತು. ಥೇಟು ಸಿನಿಮಾ."

"ಹಂಗನ್ಬೇಡ."

ಅವನ ಬೆರಳು ಪರದೆ ಮುಟ್ಟಿತು. ಆ ಕಡೆಯಿಂದ ಅವಳ ಬೆರಳೂ ಬಂದು, ಅಲ್ಲಿಗೇ ಮುಟ್ಟಿ ನಿಂತಿತು. ನಡುವೆ ನೈಲಾನಿನ ಒಂದು ಎಳೆ.

"ಬೆಳೆ ಕೈಗೆ ಬಂದ ದಿನ ಅಪ್ಪಂಗೆ ನಾನೇ ಹೇಳ್ತೀನಿ," ಎಂದಳು.

"ಏನಂತ?"

"ಸೊಪ್ಪು ತಂದೋನು ಸೊಪ್ಪಿಗೋಸ್ಕರ ಬಂದಿರ್ಲಿಲ್ಲ ಅಂತ."

ಅವನು ಪೆದ್ದುಪೆದ್ದಾಗಿ ನಕ್ಕ. ಜಗಲಿಯಿಂದ ಬೈರಪ್ಪನ ಕೆಮ್ಮು ಕೇಳಿಸಿತು. ಬೆರಳುಗಳು ಹಿಂದೆ ಸರಿದವು. ಅವಸರದಲ್ಲಿ ಅವನು ಸಿಂಬೆಯನ್ನು ಹೊರೆಯ ಮೇಲೆಯೇ ಬಿಟ್ಟು ಹೋದ. ಮರೆತ ಎನ್ನುವುದಕ್ಕಿಂತ, ತನ್ನದೊಂದು ವಸ್ತು ಅವಳ ಹತ್ತಿರ ಇರಲಿ ಎಂದು ಮನಸ್ಸಿನ ಮೂಲೆಯಲ್ಲಿ ಆಸೆಯೂ ಇತ್ತು.

*

ಎರಡು ದಿನದ ಮೇಲೆ ಅವನ ತಾಯಿ ತಿಮ್ಮಮ್ಮ ಒಲೆಯ ಮುಂದೆ ಬಟ್ಟೆ ಹುಡುಕುತ್ತಿದ್ದಳು.

"ಲೇ ಮುತ್ತು, ಟವೆಲ್ ಎಲ್ಲಲಾ?"

"ಯಾವ್ದವ್ವ?"

"ಔಷಧಿ ಹಾಕುವಾಗ ನಿಮ್ಮಪ್ಪ ಕುರಿ ಮೈ ಒರೆಸಿದ್ದು. ಬಾಗ್ಲು ಮೊಳೆಗೆ ಹಾಕಿದ್ದೆ. ಬಿಸ್ನೀರಿಗೆ ಹಾಕ್ಬೇಕು, ಯಾರಾದ್ರೂ ಮುಖ ಒರೆಸ್ಕಂಡ್ರೆ ಕಷ್ಟ."

ಮುತ್ತುರಾಜುವಿನ ಕೈಯಲ್ಲಿದ್ದ ಮುದ್ದೆ ಕೈಯಲ್ಲೇ ಉಳಿಯಿತು.

ಉಣುಗು ಸಾಯುವ ಔಷಧಿ. ಸೊಳ್ಳೆ ಬತ್ತಿಯ ಹೊಗೆಗೇ ಸಾಯುತ್ತದೆ ರೇಷ್ಮೆ ಹುಳ. ಆ ಔಷಧಿ ಕುಡಿದ ಬಟ್ಟೆಯನ್ನು ಅವನು ಸಿಂಬೆ ಸುತ್ತಿ, ಬಿಸಿಲಲ್ಲಿ, ಬೆವರುತ್ತ, ಒದ್ದೆ ಸೊಪ್ಪಿನ ಅಡಿಗೆ ಇಟ್ಟುಕೊಂಡು ನಡೆದಿದ್ದ. ಆಮೇಲೆ ಅದನ್ನು ಹೊರೆಯ ಮೇಲೆ ಬಿಟ್ಟೂ ಬಂದಿದ್ದ.

ಫೋನು ಮಾಡಿದ. ರಿಂಗಾಯಿತು, ಯಾರೂ ಎತ್ತಲಿಲ್ಲ. ಮತ್ತೆ ಮಾಡಿದ. ಸ್ವಿಚ್ ಆಫ್.

ಹಿತ್ತಲಿಗೆ ಹೋಗಿ ಕುರಿದೊಡ್ಡಿಯ ಗೋಡೆಯ ಮೇಲೆ ಕೂತ. ಹೋಗಿ ಏನು ಮಾಡುವುದು? ಸತ್ತ ಹುಳಕ್ಕೆ ಜೀವ ಕೊಡಲು ಬರುತ್ತದಾ? ಸೋಲೂರಿನವರು ಇಷ್ಟೊತ್ತಿಗೆ ಜಗಲಿಯ ಮೇಲೆ ಕೂತು ಕಾಫಿ ಕುಡಿಯುತ್ತಿರಬಹುದು. ತನ್ನ ಮುಖ ಕಂಡರೆ ಅವಳಿಗೆ ಇನ್ನೂ ನೋವು. ಬೈರಪ್ಪ ಬಿದಿರಿನ ಮೇಲೆ ಇಟ್ಟ ಕತ್ತಿ ನೆನಪಾಯಿತು. ಹೋಗದೆ ಇರಲು ಕಾರಣಗಳು ಒಂದರ ಹಿಂದೆ ಒಂದು, ಕೇಳದೆಯೇ ಬಂದವು. ಅವುಗಳ ಹಿಂದೆ ಅವನದೇ ದನಿ ಬಂತು: ತಪ್ಪು ಮಾಡ್ದೋನು ತಿರುಗಿ ಬರಲ್ಲ.

ಥೂ ಎಂದು ಎದ್ದು ಬೈಕಿನ ಕೀ ತೆಗೆದುಕೊಂಡ.

ರಾಮನಗರದಲ್ಲಿ ಓವೈಸ್‌ನ ಬಾಗಿಲ ಮುಂದೆ ನಿಲ್ಲಿಸಿದ. ಒಬ್ಬನೇ ಹೋಗಲು ಧೈರ್ಯವಿರಲಿಲ್ಲ. ಎಲ್ಲ ಕೇಳಿದ ಓವೈಸ್ ತಲೆ ಕೊಡವಿದ. "ಇವತ್ತು ಬೇಡ ಕಣೋ. ಅವ್ರು ಉರೀತಾ ಇರ್ತಾರೆ. ನಾಕು ದಿನ ಹೋಗ್ಲಿ, ನಾನೇ ಮಾತಾಡ್ತೀನಿ."

ಕುರ್ಚಿಯಲ್ಲಿದ್ದ ಗುಲ್ಜಾರ್ ಬೀ ಮೊಮ್ಮಗನ ಮಾತು ಮುಗಿಯಲು ಬಿಡಲಿಲ್ಲ.

"ಆ ಸಿನಿಮಾ ನೋಡಿ ಎಷ್ಟು ತಿಂಗಳಾಯ್ತು? ಇವತ್ತಿಗೂ ಆ ಹೆಂಗಸು ನನ್ನ ಕಣ್ಣ ಮುಂದೆ ಮೆಟ್ಲ ಮೇಲೆ ಕೂತವಳೆ. ಹುಳ ಸತ್ತಿದ್ದಕ್ಕಲ್ಲ ಮಗಾ ನಂಗೆ ಸಂಕಟ. ಅವನು ಬರ್ಲಿಲ್ವಲ್ಲಾ." ಕೋಲಿನಿಂದ ಬೈಕಿನ ಚಕ್ರಕ್ಕೆ ಬಡಿದಳು. "ಹೋಗು. ಬೈದ್ರೆ ಬೈಸ್ಕೋ. ಹೊಡದ್ರೆ ಹೊಡಸ್ಕೋ."

*

ಮಾಗಡಿ ರಸ್ತೆಯುದ್ದಕ್ಕೂ ಬಂಡೆಗಳ ನೆರಳು ಅಡ್ಡ ಬಿದ್ದಿತ್ತು. ತಿಪ್ಪಸಂದ್ರ ದಾಟಿ, ಊರಿನ ಮಣ್ಣುದಾರಿಗೆ ಬಂದಾಗ ಎಂಜಿನ್ ಆರಿಸಿ ಬೈಕು ತಳ್ಳಿಕೊಂಡೇ ನಡೆದ. ಆ ಸದ್ದು ಕೇಳಬಹುದೇನೋ ಎಂಬ ಆಸೆ.

ಮನೆಯ ಹತ್ತಿರ ಬಂದ. ಹುಳದ ಮನೆಯ ಕಿಟಕಿಯ ಕೆಳಗೇ ನಿಂತ. ಕಿವಿಗೊಟ್ಟ.

ಏನೂ ಇಲ್ಲ.

ಎರಡು ದಿನದ ಹಿಂದೆ ಗೋಡೆಯಾಚೆಗೂ ಕೇಳುತ್ತಿದ್ದ ಸೊರಸೊರ ಪೂರ್ತಿ ನಿಂತಿತ್ತು. ಪರದೆ ಇಳಿಬಿದ್ದಿತ್ತು. ಜಗಲಿ ಖಾಲಿ. ಹಿತ್ತಲ ಗುಂಡಿಯಲ್ಲಿ ಒಂದು ಹೊರೆ ಸೊಪ್ಪು ಬಾಡಿ ಕಪ್ಪಾಗಿತ್ತು. ಅದರ ಮೇಲೆ ಅವನ ಟವೆಲ್. ಪಕ್ಕದಲ್ಲಿ ಒಂದು ತಟ್ಟೆ ಬೋರಲು ಬಿದ್ದಿತ್ತು, ಅಡಿಯಿಂದ ಸತ್ತ ಹುಳಗಳು ಕಾಣುತ್ತಿದ್ದವು, ಮೈ ಕುಗ್ಗಿ, ಹಸಿರು ನೀರು ಕಕ್ಕಿ. ತಲೆ ಮೇಲಕ್ಕೆತ್ತಿದ ಕೆಲವು ಹಾಗೆಯೇ ಸೆಟೆದುಹೋಗಿದ್ದವು.

ಮುತ್ತುರಾಜು ಬೈಕನ್ನು ಗೋಡೆಗೆ ಒರಗಿಸಿದ.

ಪರದೆ ಸರಿಯಿತು. ಲತಾಮಣಿ ಹೊರಗೆ ಬಂದಳು. ಅವನನ್ನು ನೋಡಿದಳೋ ಇಲ್ಲವೋ ಗೊತ್ತಾಗಲಿಲ್ಲ. ನೇರ ತೊಟ್ಟಿಗೆ ಹೋಗಿ ಕೈ ತೊಳೆಯತೊಡಗಿದಳು. ಬೆರಳು, ಅಂಗೈ, ಮಣಿಕಟ್ಟು, ಮೊಣಕೈ ತನಕ. ನೀರು ಮತ್ತೆ ಮತ್ತೆ ಸುರಿದುಕೊಂಡಳು.

"ಲತಾ," ಎಂದ.

ಅವಳ ಹಿಂದೆಯೇ ಬೈರಪ್ಪ ಬಂದ. ಪಂಚೆ ಎತ್ತಿ ಕಟ್ಟಿದ್ದ, ಕಣ್ಣು ಕೆಂಪಗಿತ್ತು. ಮುತ್ತುರಾಜು ಕೈ ಕಟ್ಟಿಕೊಂಡು ಅವನ ಮುಂದೆ ನಿಂತ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತೆಲ್ಲ ಮರೆತುಹೋಗಿತ್ತು.

"ಗೌಡ್ರೆ, ನಾನೇ ಸಾಯ್ಸಿದ್ದು. ಬೆಳಗ್ಗೆ ಕುರಿಗೆ ಔಷಧಿ ಹಾಕಿದ್ವಿ. ಆ ಟವೆಲ್ಲೇ ಸಿಂಬೆ ಸುತ್ಕಂಡ್ ಬಂದೆ. ಇವತ್ತು ಗೊತ್ತಾಯ್ತು. ಅವ್ಳ ತಪ್ಪಿಲ್ಲ. ಅವ್ಳ ಬೆಳೆ ಹೋಗಿಲ್ಲ, ನಾನು ಕಳ್ದಿದ್ದು. ಮಾತಂದ್ರೆ ಮಾತು ಅಂತ ಸೋಲೂರ್‌ಗೆ ಕೊಡ್ಬೇಡಿ. ನಂಗೇನ್ ಬೇಕಾದ್ರೂ ಮಾಡಿ." ಸ್ವಲ್ಪ ತಡೆದು, ಹೇಳಿಯೇಬಿಟ್ಟ. "ನಾನು ಆಳಾಗಿ ಬಂದಿರ್ಲಿಲ್ಲ. ಅವಳಿಗೋಸ್ಕರ ಬಂದಿದ್ದೆ."

ಒಳಗಿನಿಂದ ಮಾಯಮ್ಮ ಫೋನು ಹಿಡಿದು ಬಂದಳು. "ಸೋಲೂರಿನೋರು. ಯಾವಾಗ ಬರಾಣ ಅಂತಾವ್ರೆ."

ಬೈರಪ್ಪ ಮಗಳ ಕಡೆ ನೋಡಿದ. ಅವಳು ತೊಟ್ಟಿಯ ಅಂಚು ಹಿಡಿದು ನಿಂತಿದ್ದಳು, ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ಹಣ್ಣು ಹುಳ ಎತ್ತಾವ್ರೆ, ಪುರುಸೊತ್ತಿಲ್ಲ ಅಂತ ಹೇಳು," ಎಂದ ಬೈರಪ್ಪ.

ಮುತ್ತುರಾಜು ತಲೆ ಎತ್ತಿದ.

"ಹಣ್ಣು ಹುಳ?"

"ನೀನ್ ತಂದ್ ಸೊಪ್ನ ಒಂದ್ ತಟ್ಟೆಗೆ ಹರಡಿದ್ಲು. ಅಷ್ಟ್ರಲ್ಲಿ ವಾಸ್ನೆ ಹಿಡಿದ್ಲು. ಹೊರೇನೆಲ್ಲಾ ತಗಂಡೋಗಿ ಗುಂಡಿಗೆ ಹಾಕುದ್ಲು. ಅಂಕಮ್ಮನ ಕಾಲಿಗ್ ಬಿದ್ದು ಬೇರೆ ಸೊಪ್ಪು ತಂದ್ಲು. ಮಿಕ್ಕಿದ್ದು ಉಳೀತದೋ ಇಲ್ವೋ ಅಂತ ಎರಡ್ ದಿನ ಕಣ್ಣು ಮುಚ್ಚಿಲ್ಲ." ಬೈರಪ್ಪ ಗುಂಡಿಯ ಕಡೆ ಗಲ್ಲ ಎತ್ತಿದ. "ಟವೆಲ್ ಕಂಡಾಗ್ಲೇ ನಂಗ್ ಗೊತ್ತಾಯ್ತು ಯಾವೋನ್ದು ಅಂತ. ಬತ್ತಾನೋ ಇಲ್ವೋ ನೋಡಾಣ ಅಂತಿದ್ದೆ."

"ಗೌಡ್ರೆ, ನಾನು..."

"ಮಾತ್ ಸಾಕು. ಅಂಗಿ ಬಿಚ್ಚಿ ಬೇಲಿ ಮೇಲ್ ಹಾಕು. ತೊಟ್ಟೀಲಿ ನೀರ್ ಹುಯ್ಕೋ, ತಲೆಗೂ. ನನ್ನ ಪಂಚೆ ಕೊಡ್ತಾಳೆ, ಉಟ್ಕಂಡ್ ಒಳಕ್ ಬಾ. ಹಣ್ಣಾದ್ ಹುಳ ಯಾರ್ಗೂ ಕಾಯಲ್ಲ. ಚಂದ್ರಿಕೆಗೆ ಹಾಕಕ್ಕೆ ಮನೆಯೋರ್ ಕೈ ಸಾಲ್ತಿಲ್ಲ."

ಮನೆಯವರ ಕೈ. ಅಷ್ಟು ಹೇಳಿ ಬೈರಪ್ಪ ಪರದೆ ಸರಿಸಿ ಒಳಗೆ ಹೋದ. ಹೆಣ್ಣು ಕೊಡುತ್ತೇನೆ ಎನ್ನಲಿಲ್ಲ, ಕೊಡುವುದಿಲ್ಲ ಎಂದೂ ಅನ್ನಲಿಲ್ಲ.

ಮುತ್ತುರಾಜು ತಲೆಯ ಮೇಲೆ ನೀರು ಸುರಿದುಕೊಂಡ. ತಣ್ಣಗಿನ ನೀರು, ಮತ್ತೆ ಮತ್ತೆ. ಅವಳು ಪಂಚೆ ತಂದು ಕಲ್ಲಿನ ಮೇಲಿಟ್ಟು, ಮುಖ ತಿರುಗಿಸಿ ನಿಂತಳು.

"ಫೋನ್ ಮಾಡ್ದೆ. ಎತ್ತಲಿಲ್ಲ ನೀನು," ಎಂದ.

"ನೋಡ್ದೆ. ಬೇಕಂತ್ಲೇ ಎತ್ತಲಿಲ್ಲ." ಅವಳ ದನಿ ಒಡೆದಿತ್ತು. "ಒಂದ್ ತಟ್ಟೆ ಕಣೋ. ನನ್ ಕೈಯಾರೆ ಸೊಪ್ಪು ಹಾಕ್ದೆ, ನನ್ ಕಣ್ಣೆದುರೇ ಒದ್ದಾಡ್ದವು. ನಿನ್ ಮೇಲೆ ಎಷ್ಟ್ ಸಿಟ್ಟಿತ್ತು ಗೊತ್ತಾ? ಅದ್ಕಿಂತ ಭಯ. ತಪ್ಪು ಮಾಡ್ದೋನು ಬರಲ್ಲ ಅಂದಿದ್ದೆ ನೀನು, ಅವತ್ತು, ಎಲ್ರ ಮುಂದೆ. ಇವ್ನೂ ಬರ್ದೆ ಹೋದ್ರೆ ಅಂತ."

ಅವನು ಪಂಚೆ ಉಟ್ಟು, ಒದ್ದೆ ತಲೆಯಲ್ಲೇ ಬಂದು ಹೊಸ್ತಿಲ ಈಚೆ ನಿಂತ. ಅವಳು ಪರದೆಯನ್ನು ಎತ್ತಿ ಹಿಡಿದಳು. ಈ ಸಲ ಅವಳ ಮುಖ ಅವನಿಗೆ ಚೌಕಗಳಿಲ್ಲದೆ ಹತ್ತಿರದಿಂದ ಕಂಡಿತು. ಅತ್ತ ಕಣ್ಣು, ಬಿರಿದ ತುಟಿ, ಹೂವಿಲ್ಲ, ಪೌಡರಿಲ್ಲ.

"ಸಿನಿಮಾದಲ್ಲಿ ಅವನು ಬರ್ಲಿಲ್ಲ," ಎಂದಳು. "ನೀನ್ ಬಂದೆ."

ಒಳಗೆ ನಸುಗತ್ತಲು, ಸದ್ದಿಲ್ಲ. ಅವಳು ತಟ್ಟೆಯಿಂದ ಒಂದು ಹುಳ ಎತ್ತಿ ಅವನ ಅಂಗೈ ಮೇಲಿಟ್ಟಳು. ತಣ್ಣಗೆ, ಮೆತ್ತಗೆ, ಹಳದಿ ಬಣ್ಣಕ್ಕೆ ತಿರುಗಿದ ಹುಳ. ಅಲ್ಲಾಡದೆ ಮಲಗಿತ್ತು. ಆಮೇಲೆ ತಲೆ ಮೇಲಕ್ಕೆತ್ತಿತು. ಗುಂಡಿಯಲ್ಲಿ ಸೆಟೆದುಬಿದ್ದ ಹುಳಗಳು ಎತ್ತಿದ್ದೂ ಹೀಗೆಯೇ. ಮುತ್ತುರಾಜು ಹೆದರಿ ಅವಳನ್ನು ನೋಡಿದ. ಅವಳ ಬೆರಳು ಇನ್ನೂ ಅವನ ಬೆರಳಿಗೆ ತಾಗಿಯೇ ಇತ್ತು.

ಹುಳ ತಲೆಯನ್ನು ಎಡಕ್ಕೆ ಆಡಿಸಿತು, ಬಲಕ್ಕೆ ಆಡಿಸಿತು. ಅವನ ಬೆರಳಿನಿಂದ ಅವಳ ಬೆರಳಿಗೆ ರೇಷ್ಮೆಯ ಒಂದು ಎಳೆ ಅಂಟಿಕೊಂಡಿತು.